ಪುಟ್ಟಿಗೆ ದೊಡ್ಡಮ್ಮನ ಉತ್ತರ: ಅಡಿಕೆ, ಕೆರೆ ಮತ್ತು ಆ ಗೋಣಿಚೀಲ

ಪುಟ್ಟೀ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ದೋಸೆ ಹೊಯ್ಯುತ್ತಿದ್ದೆ, ಕೈ ಬಿಡುವಿರಲಿಲ್ಲ. ಈಗ ಜಗುಲಿಯಲ್ಲಿ ಕೂತು ಮೈಕ್ ಒತ್ತಿ ಮಾತಾಡುತ್ತಿದ್ದೇನೆ. ಮೊಬೈಲೇ ಬರೆದುಕೊಳ್ಳುತ್ತೆ ಅಂತ ಮೊಮ್ಮಗ ತೋರಿಸಿಕೊಟ್ಟಿದ್ದಾನೆ. ತಪ್ಪಿದ್ದರೆ ಸರಿ ಮಾಡಿಕೊಂಡು ಓದಿ.

ನಿಮ್ಮೂರ ಕೆರೆಗೆ ಏತ ನೀರಾವರಿ, ಅಂದರೆ ಪಂಪಿನಲ್ಲಿ ಮೇಲೆತ್ತಿ ಪೈಪಿನಲ್ಲಿ ಹರಿಸುವ ಹೊಳೆ ನೀರು ಬರುತ್ತಂತೆ. ಅದನ್ನು ನಂಬಿ ಮೆಕ್ಕೆಜೋಳದ 2 ಎಕರೆಯನ್ನೂ ಅಡಿಕೆ ತೋಟ ಮಾಡೋಣ, ಸೊಸೈಟಿಯಲ್ಲಿ ಸಾಲ ತೆಗೆಯೋಣ ಅಂತ ಅಳಿಯಂದಿರು ಹೇಳುತ್ತಿದ್ದಾರೆ. ಸರ್ಕಾರ ಇಷ್ಟೊಂದು ಕೋಟಿ ಸುರಿಯುವುದು ದಂಡವಾ, ಇದನ್ನು ನಂಬಿ ಸಾಲ ಮಾಡಬಹುದಾ ಅಂತ ನಿನಗೆ ಹೆದರಿಕೆ. ಇಷ್ಟೇ ತಾನೇ?

ದಂಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಲಕ್ಕವಳ್ಳಿಯಲ್ಲಿ ಭದ್ರಾ ಡ್ಯಾಮ್ ಕಟ್ಟದಿದ್ದರೆ ನಮ್ಮ ಮನೆಯಲ್ಲಿ ಅನ್ನ ಹಬ್ಬಕ್ಕೆ ಮಾತ್ರ ಆಗುತ್ತಿತ್ತು ಅಂತ ಅತ್ತೆಯವರು ಹೇಳುತ್ತಿದ್ದರು. ಮಿಕ್ಕ ದಿನ ರಾಗಿ, ಜೋಳ. ಭದ್ರಾ 71.5 ಟಿಎಂಸಿ ನೀರು ಹಿಡಿಯುತ್ತೆ, ಎರಡೂವರೆ ಲಕ್ಷ ಎಕರೆಗಿಂತ ಜಾಸ್ತಿ ಅಚ್ಚುಕಟ್ಟು, ಅಂದರೆ ಅದರ ನೀರು ಹರಿಯುವ ಜಮೀನು. ಮಳೆಗಾಲದಲ್ಲಿ ಪೇಪರ್ ಬಂದರೆ ನಿಮ್ಮ ದೊಡ್ಡಪ್ಪ ಮೊದಲು ನೋಡುತ್ತಿದ್ದದ್ದು ಡ್ಯಾಮಿನ ಮಟ್ಟ. 186 ಅಡಿ ಮುಟ್ಟಿ ಡ್ಯಾಮ್ ತುಂಬಿತು ಅಂದರೆ ಆ ದಿನ ಪಾಯಸ. ಹಾಗಾಗಿ ನೀರಾವರಿಗೆ ದುಡ್ಡು ಹಾಕುವುದು ತಪ್ಪು ಅಂತ ನನ್ನ ಬಾಯಲ್ಲಿ ಬರುವುದಿಲ್ಲ.

ಆದರೆ ಒಂದು ಮಾತು ಹೇಳುತ್ತೇನೆ, ಸರಿಯಾಗಿ ಕೇಳಿಸಿಕೊ. ನೀರು ಬಂದ ಮೇಲೆ ಗಿಡ ಇಡಿ. ನೀರು ಬರುತ್ತೆ ಅಂತ ಗಿಡ ಇಡಬೇಡಿ.

ಇದನ್ನು ನಾನು ಓದಿ ಕಲಿತಿದ್ದಲ್ಲ. ನಿನಗೆ ಆಗ ಮೂರೋ ನಾಲ್ಕೋ ವರ್ಷ, ನೆನಪಿರಲ್ಲ. ಹೊಳೆಹೊನ್ನೂರು ಕಡೆಯ ಜಮೀನು ಭಾಗ ಆಯಿತಲ್ಲ, ಮೂವರು ಅಣ್ಣತಮ್ಮಂದಿರಿಗೆ. ಚಾನಲ್ಲಿನಿಂದ ನೀರು ಬಿಡುವ ತೂಬಿಗೆ ಅಂಟಿಕೊಂಡಿದ್ದ ಗದ್ದೆ ದೊಡ್ಡ ಭಾವನವರಿಗೆ. ನಡುವಿನದ್ದು ನಿಮ್ಮಪ್ಪನಿಗೆ. ಹೊಲಗಾಲುವೆಯ ಕೊನೆಯಲ್ಲಿದ್ದ ಎರಡೂಕಾಲು ಎಕರೆ ನಮಗೆ. ಎಕರೆ ಲೆಕ್ಕದಲ್ಲಿ ನಮಗೇ ನಾಲ್ಕು ಗುಂಟೆ ಜಾಸ್ತಿ ಬಂದಿತ್ತು. ಎಲ್ಲರೂ ನಮ್ಮನ್ನೇ ಅದೃಷ್ಟವಂತರು ಅಂದರು. ಹಗ್ಗ ಹಿಡಿದು ಮಣ್ಣು ಅಳೆದರು, ನೀರು ಯಾರೂ ಅಳೆಯಲಿಲ್ಲ.

ನಿಮ್ಮ ದೊಡ್ಡಪ್ಪನಿಗೆ ಅಡಿಕೆ ಹುಚ್ಚು. ಚಾನಲ್ ಇದೆಯಲ್ಲ ಅಂದರು. ನನ್ನ ಎರಡು ಬಳೆ ಅಡವಿಟ್ಟು 1,200 ಸಸಿ ತಂದೆವು. ನಡುವೆ ನೆರಳಿಗೆ ಬಾಳೆ. ಮೊದಲ ಎರಡು ಬೇಸಿಗೆ ಹೇಗೋ ಆಯಿತು. ಮೂರನೇ ಬೇಸಿಗೆಗೆ ಮೇಲಿನವರೆಲ್ಲ ಭತ್ತ ಹಾಕಿದರು. ಕೆಲವರು ಚಾನಲ್ಲಿಗೇ ಪಂಪ್‌ಸೆಟ್ಟು ಇಳಿಸಿದರು. ಭದ್ರಾ ಯೋಜನೆ ಮಾಡುವಾಗ ಎಲ್ಲರಿಗೂ ಎರಡು ಬೆಳೆ ಭತ್ತ ಅಂತ ಲೆಕ್ಕ ಹಾಕಿರಲಿಲ್ಲ, ಬಹುಪಾಲು ಜಮೀನಿಗೆ ಕಡಿಮೆ ನೀರು ಸಾಕಾಗುವ ಅರೆ ನೀರಾವರಿ ಬೆಳೆ ಅಂತಲೇ ಇದ್ದದ್ದು. ನೀರು ಕಣ್ಣೆದುರು ಹರಿಯುವಾಗ ಯಾರು ಕೇಳುತ್ತಾರೆ? ನಾವೂ ಅಡಿಕೆ ಹಾಕಿದವರೇ ಅಲ್ವಾ. ನೀರು ಬಿಡುವ ಸೌಡಿ ಪಾಪ ಒಬ್ಬನೇ, ಒಂದು ಸೈಕಲ್ಲು, ಅವನು ಎಷ್ಟು ತೂಬು ಅಂತ ಕಾಯುತ್ತಾನೆ?

ನಮ್ಮ ಸರದಿ ರಾತ್ರಿ. ನಿಮ್ಮ ದೊಡ್ಡಪ್ಪನಿಗೆ ಜ್ವರ. ನಾನೇ ಬ್ಯಾಟರಿ ಹಿಡಿದು, ಗುದ್ದಲಿ ಹೆಗಲಿಗೆ ಹಾಕಿಕೊಂಡು ಹೋದೆ. ಬದುವಿನ ಮೇಲೆ ಕಾಲು ಇಳಿಬಿಟ್ಟು ಕೂತೆ. ನೀರು ಮೀನಖಂಡದವರೆಗೆ ಇತ್ತು. ಹನ್ನೊಂದು ಗಂಟೆಗೆ ಹಿಮ್ಮಡಿಗೆ ಇಳಿಯಿತು. ಇನ್ನೊಂದು ಸ್ವಲ್ಪ ಹೊತ್ತಿಗೆ ಬೆರಳ ಸಂದಿಯಲ್ಲಿ ಬರೀ ಕೆಸರು. ಸದ್ದೇ ನಿಂತುಹೋಯಿತು. ಕಪ್ಪೆ ಮಾತ್ರ ಕೂಗುತ್ತಿದ್ದವು.

ಹೊಲಗಾಲುವೆ ಹಿಡಿದು ಮೇಲೆ ಹೋದೆ. ಒಂದು ಕಡೆ ಹುಲ್ಲಿನ ಕಟ್ಟು, ಅದರ ಮೇಲೆ ಮರಳು ತುಂಬಿದ ಗೋಣಿಚೀಲ ಇಟ್ಟು ಕಾಲುವೆಗೆ ಅಡ್ಡ ಹಾಕಿದ್ದರು. ಎಳೆದು ಹಾಕೋಣ ಅಂತ ಬ್ಯಾಟರಿ ಬೆಳಕು ಬಿಟ್ಟೆ. ಚೀಲದ ಬಾಯಿ ನೀಲಿ ದಾರದಲ್ಲಿ ಹೊಲಿದಿತ್ತು. ಎರಡು ಹೊಲಿಗೆ ಹಾಕಿ ಒಂದು ಗಂಟು, ಎರಡು ಹೊಲಿಗೆ ಹಾಕಿ ಒಂದು ಗಂಟು. ಹಾಗೆ ಹೊಲಿಯುವವಳು ನಮ್ಮ ಮನೆಯಲ್ಲಿ ನಾನೊಬ್ಬಳೇ. ಭಾಗ ಆಗುವುದಕ್ಕೆ ಮೊದಲು ಭತ್ತ ತುಂಬಲು ನಾನೇ ಹೊಲಿದಿಟ್ಟ ಚೀಲ ಅದು. ಭಾಗದಲ್ಲಿ ಚೀಲಗಳು ಯಾರ ಮನೆಗೆ ಹೋದವು ಅಂತ ಇಲ್ಲಿರುವವರಿಗೆಲ್ಲ ಗೊತ್ತು.

ಆ ಬೇಸಿಗೆ ಸುಮಾರು ನಲವತ್ತು ದಿನ ಕಾಲುವೆಯ ಕೊನೆಗೆ ನೀರು ಮುಟ್ಟಲಿಲ್ಲ. ಸಸಿಯ ಸುಳಿ ಹಿಡಿದು ಎಳೆದರೆ ಹಾಗೇ ಕಿತ್ತು ಕೈಗೆ ಬರುತ್ತಿತ್ತು, ಬುಡದಲ್ಲಿ ಕಂದು ಬಣ್ಣ. 1,200ರಲ್ಲಿ ಉಳಿದದ್ದು 170. ಬಳೆ ಬಿಡಿಸಿಕೊಳ್ಳಲು ಆಗಲೇ ಇಲ್ಲ.

ದೊಡ್ಡ ಭಾವನವರ ಮಕ್ಕಳೂ ಈ ಗ್ರೂಪಿನಲ್ಲಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಸರಿ, ಇಷ್ಟು ವರ್ಷ ನಾನು ಮಾಡಿಕೊಂಡಿದ್ದೇನೆ. ಭಾವನವರು ಹೋಗುವವರೆಗೂ ಒಂದು ಮಾತು ಆಡಲಿಲ್ಲ. ಗೃಹಪ್ರವೇಶಕ್ಕೆ ಕರೆದು ಸೀರೆ ಕೊಟ್ಟರು, ಕಾಫಿ ಕೊಟ್ಟರು, ಚೀಲದ ಮಾತು ಬರಲಿಲ್ಲ. ಆ ಚೀಲ ಇವತ್ತಿಗೂ ನಮ್ಮ ಅಟ್ಟದ ಮೇಲಿದೆ. ಹೊಲಗಾಲುವೆ ಹೂಳೆತ್ತಲು ಮನೆಗೊಂದು ಆಳು ಅಂತ ಮಾತಾಗಿತ್ತು. ಪ್ರತಿ ವರ್ಷ ಬರುತ್ತಿದ್ದದ್ದು ನಮ್ಮ ಮನೆ ಆಳು ಮಾತ್ರ. ತೂಬಿನ ಪಕ್ಕದವರಿಗೆ ಹೂಳು ಯಾಕೆ ಕಾಣಬೇಕು? ಅವರಿಗೆ ನೀರು ಬಂದೇ ಬರುತ್ತೆ. ಹೋಗಲಿ ಬಿಡಿ. ನಿಮ್ಮ ದೊಡ್ಡಪ್ಪ ಇದ್ದಿದ್ದರೆ ನನಗೆ ಇಷ್ಟು ಮಾತಾಡಲು ಬಿಡುತ್ತಿರಲಿಲ್ಲ.

ಏನು ಹೇಳುತ್ತಿದ್ದೆ? ಹಾಂ, ಕೋಟಿ ಲೆಕ್ಕ. ನಿನ್ನೆ ಮೊಮ್ಮಗ ಬಯಲುಸೀಮೆಗೆ ನೀರು ಎತ್ತಿ ಒಯ್ಯುವ ಭದ್ರಾ ಮೇಲ್ದಂಡೆ ಯೋಜನೆ ಬಗ್ಗೆ ಓದಿ ಹೇಳಿದ. ಮೊದಲು 12,340 ಕೋಟಿ ಇದ್ದ ಅಂದಾಜು ಆಮೇಲೆ 21,473 ಕೋಟಿ ಆಯಿತಂತೆ. ಚಿತ್ರದುರ್ಗ, ತುಮಕೂರು ಎಲ್ಲ ಸೇರಿ 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ. ಮೊಬೈಲಿನಲ್ಲಿ ಭಾಗಿಸಿದ, ಎಕರೆಗೆ 3 ಲಕ್ಷ 85 ಸಾವಿರದ ಹತ್ತಿರ ಬಂತು. ಆ ದುಡ್ಡಿನಲ್ಲೇ 367 ಕೆರೆ ತುಂಬಿಸುವುದೂ ಸೇರಿದೆ, ಕುಡಿಯುವ ನೀರಿಲ್ಲದ ಊರಿಗೆ ಅದು ಬೇಕೇ ಬೇಕು. ನನಗೆ ಜಾಸ್ತಿ ಅನ್ನಿಸಲಿಲ್ಲ. ಆದರೆ ಆ 3 ಲಕ್ಷ 85 ಸಾವಿರ ಕೊನೆಯ ಎಕರೆಗೂ ಮುಟ್ಟುತ್ತಾ, ಇಲ್ಲ ತೂಬಿನ ಪಕ್ಕದಲ್ಲೇ ಮುಗಿಯುತ್ತಾ? ಕಟ್ಟುವಾಗ ದುಡ್ಡು ಬರುತ್ತೆ, ಕಲ್ಲಿನ ಮೇಲೆ ಹೆಸರು ಕೆತ್ತುತ್ತಾರೆ. ಹೂಳೆತ್ತಲು, ಗೇಟಿಗೆ ಗ್ರೀಸ್ ಹಾಕಲು, ಸೌಡಿಗೆ ಸಂಬಳ ಕೊಡಲು ಕೇಳಿ ನೋಡು. ಏತ ನೀರಾವರಿ ಅಂದರೆ ಅದರ ಮೇಲೆ ವರ್ಷ ವರ್ಷ ಕರೆಂಟಿನ ಖರ್ಚು ಬೇರೆ. ದುಡ್ಡೊಂದೇ ಖರ್ಚಲ್ಲ ಅನ್ನುವುದೂ ನನಗೆ ಗೊತ್ತು. ನನ್ನ ಅಜ್ಜಿಯ ತವರು ಲಿಂಗನಮಕ್ಕಿ ಡ್ಯಾಮಿನ ನೀರಿನ ಕೆಳಗೆ ಮುಳುಗಿದೆ. ಅದು ಕರೆಂಟಿಗೆ ಕಟ್ಟಿದ್ದು, ಆ ಕಥೆ ಬೇರೆ.

ನಿಮ್ಮ ತಾಳಗುಂದದ ಕಡೆಗೇ ನೋಡು. ಪ್ರಣವೇಶ್ವರ ದೇವಸ್ಥಾನದ ಎದುರಿನ ಕಂಬದಲ್ಲಿ ಕದಂಬರ ಕಾಕುಸ್ಥವರ್ಮ ಕೆರೆ ಕಟ್ಟಿಸಿದ್ದನ್ನು ಬರೆದಿದ್ದಾರೆ. ಸುಮಾರು 1,500 ವರ್ಷ ಆಯಿತು. ಆಗಲೂ ಅರಮನೆ ದುಡ್ಡೇ ಅಲ್ವಾ? ಅಷ್ಟು ಕಾಲ ಹೂಳೆತ್ತಿದವರ ಹೆಸರು ಕಂಬದಲ್ಲಿಲ್ಲ.

2023ರಲ್ಲಿ ಏನಾಯಿತು ಅಂತ ನೀನೇ ನೋಡಿದ್ದೀಯ. ಭದ್ರಾ ತುಂಬಲಿಲ್ಲ. ನಾಲೆಗೆ ಇಷ್ಟು ದಿನ ನೀರು, ಇಷ್ಟು ದಿನ ಬಂದ್ ಅಂದರು. ದಾವಣಗೆರೆ ಕಡೆಯ ರೈತರು ರಸ್ತೆಗೆ ಇಳಿದರು. ಅಷ್ಟು ದೊಡ್ಡ ಡ್ಯಾಮಿನ ಕೆಳಗಿದ್ದವರ ಪಾಡೇ ಅದು. ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಅಳಿಯಂದಿರಿಗೂ ಓದಿ ಹೇಳು. ನೀರು ಬರುತ್ತೆ ಅಂತ ಗಿಡ ಇಡಬೇಡಿ. ಬಂದ ಮೇಲೆ ಇಡಿ.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವನ್ನೇ ಹೇಳಲಿಲ್ಲ. ಏನು ಮಾಡಬೇಕು ಅಂತ ತಾನೇ ಕೇಳಿದ್ದು?

ನಿಮಗೆ ಬರುವ ನೀರು ಕೆರೆ ತುಂಬಿಸುವುದಕ್ಕೆ ಮಾತ್ರವಾ, ಹೊಲದವರೆಗೆ ಕಾಲುವೆಯೂ ಇದೆಯಾ ಅಂತ ಮೊದಲು ಕೇಳಿ. ಕಾಲುವೆ ಇದೆ ಅಂದರೆ ನಿಮ್ಮ ಸರ್ವೆ ನಂಬರು ಅಚ್ಚುಕಟ್ಟಿನ ಪಟ್ಟಿಯಲ್ಲಿ ಇದೆಯಾ ನೋಡಿ. ಬಾಯಲ್ಲಿ ಹೇಳಿದರೆ ಸಾಲದು, ಕಾಗದದಲ್ಲಿ ನೋಡಿ. ಬರೀ ಕೆರೆಗೆ ಅಂತಾದರೆ ಮಳೆಗಾಲದಲ್ಲಿ ಹೊಳೆ ತುಂಬಿದಾಗ ಎತ್ತಿ ಹಾಕುವ ನೀರು ಅದು. ಅದರಿಂದ ಸುತ್ತಲಿನ ಬೋರ್‌ವೆಲ್ಲಿಗೆ ಜೀವ ಬರುತ್ತೆ, ಅದೇನು ಸಣ್ಣ ಲಾಭವಲ್ಲ. ಆದರೆ ಅಡಿಕೆಗೆ ನೀರು ಬೇಕಾದದ್ದು ಬೇಸಿಗೆಯಲ್ಲಿ. ಹನಿ ನೀರಾವರಿ ಮಾಡಿದರೂ ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್. ಎಕರೆಗೆ 540 ಗಿಡ ಹಿಡಿದರೆ 2 ಎಕರೆಗೆ ದಿನಕ್ಕೆ 20,000 ಲೀಟರಿನ ಹತ್ತಿರ. ನಿಮ್ಮ ಬೋರು ಏಪ್ರಿಲ್ ಕೊನೆಯಲ್ಲಿ ಅಷ್ಟು ಕೊಡುತ್ತಾ? ಡ್ರಮ್ಮು ಇಟ್ಟು, ಗಡಿಯಾರ ನೋಡಿ ಅಳೆಯಿರಿ. ಫಸಲು ಬರಲು ಐದಾರು ವರ್ಷ ಬೇಕು, ಸಾಲದ ಬಡ್ಡಿ ಅಲ್ಲಿವರೆಗೆ ಸುಮ್ನೆ ಕೂರಲ್ಲ.

ಈ ವರ್ಷ ಬೇಕಾದರೆ ಬೋರ್‌ವೆಲ್ ಪಕ್ಕದ ಅರ್ಧ ಎಕರೆ ಮಾತ್ರ ಹಾಕಲಿ. ಉಳಿದದ್ದು ಮೆಕ್ಕೆಜೋಳವೇ ಇರಲಿ. ತೋಟಗಾರಿಕೆ ಇಲಾಖೆಯಲ್ಲಿ ಡ್ರಿಪ್ಪಿಗೆ ಸಹಾಯಧನ ಇದೆ, ಪಹಣಿ ಹಿಡಿದುಕೊಂಡು ಹೋಗಿ ಕೇಳಿ ಬರಲಿ. ಎರಡು ಬೇಸಿಗೆ ಕೆರೆಯನ್ನು ನೋಡಿ, ಆಮೇಲೆ ಉಳಿದ ಒಂದೂವರೆ ಎಕರೆಯ ಮಾತು.

ಏಪ್ರಿಲ್ ಕೊನೆಗೆ ನಿಮ್ಮ ಕೆರೆಯ ಫೋಟೋ ಗ್ರೂಪಿಗೆ ಹಾಕು ಪುಟ್ಟಿ. ತೂಬಿನ ಕಲ್ಲು ಕಾಣುವ ಹಾಗೆ ತೆಗಿ, ನೀರು ಎಲ್ಲಿದೆ ಅಂತ ನಾನೇ ನೋಡುತ್ತೇನೆ.