ಹನ್ನೊಂದು ದೇಶದ ಪಿಡಿಎಫ್

ಗುಂಪು: ಮನಿ ಮಂದಿ (ಗದಗ, ಹುಬ್ಬಳ್ಳಿ, ಹಾವೇರಿ)

ಗದಗ ಕಾಕಾ: [ಪಿಡಿಎಫ್: 120 ದಿವಸ, 11 ದೇಶ]
ಎಲ್ಲಾರೂ ನೋಡ್ರಿ. ಜೂನ್ 1ಕ್ಕ ನಾನೂ ಕಾಕೂನೂ ಹೊಂಟು ಸೆಪ್ಟೆಂಬರ್ 28ಕ್ಕ ವಾಪಸ್. ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಇಟಲಿ, ಗ್ರೀಸ್, ಕ್ರೊಯೇಷಿಯಾ, ರೊಮೇನಿಯಾ, ಬಲ್ಗೇರಿಯಾ, ಕಡೀಕ ಜಾರ್ಜಿಯಾ. ಏಜೆಂಟರು ಸೋಮವಾರ ಅಡ್ವಾನ್ಸ್ ಕೇಳ್ಯಾರ.

ಹಾವೇರಿ ಮಾಮಾ: ಭಾಳ ಚೊಲೋ ಐತಿ ಭಾವಾ 👌 ಒಂದಾ ಸಲಕ್ಕ ಎಲ್ಲಾ ಮುಗೀತೈತಿ.

ಸುಮಾ ಅಕ್ಕ: ಕಾಕಾ, ಅಡ್ವಾನ್ಸ್ ಕೊಡಬ್ಯಾಡ್ರಿ. ಮೂರನೇ ಪುಟ ತಗೀರಿ. ಮೊದಲಿನ ಏಳು ದೇಶಕ್ಕ 78 ದಿವಸ ಹಿಡದು ‘ಶೆಂಗೆನ್ 90ರ ಒಳಗ’ ಅಂತ ಬರದಾರ. ಶೆಂಗೆನ್ ಅಂದ್ರ ಒಂದಾ ವೀಸಾದ ಮ್ಯಾಲ ಅಡ್ಡಾಡಾಕ ಬರೂ ಯುರೋಪಿನ ದೇಶಗಳ ಗುಂಪು, ಎಲ್ಲಾ ಕೂಡಿ 90 ದಿವಸ ದಾಟಬಾರದು. ಕ್ರೊಯೇಷಿಯಾ 12, ರೊಮೇನಿಯಾ 8, ಬಲ್ಗೇರಿಯಾ 6, ಇವನ್ನ ಹೊರಗಿನ ದೇಶ ಅಂತ ತೋರಿಸ್ಯಾರ. ಕ್ರೊಯೇಷಿಯಾ 2023ರ ಜನವರಿ 1ಕ್ಕಾ ಶೆಂಗೆನ್ ಒಳಗ ಬಂತು. ರೊಮೇನಿಯಾ, ಬಲ್ಗೇರಿಯಾ 2025ರ ಜನವರಿ 1ಕ್ಕ ಪೂರ್ತಿ ಬಂದ್ವು. 78ಕ್ಕ 26 ಕೂಡಿಸಿದ್ರ 104. ಹದಿನಾಲ್ಕು ದಿವಸ ಜಾಸ್ತಿ.

ಗದಗ ಕಾಕಾ: ನಡುವ ಎರಡು ದಿವಸ ಹೊರಗ ಹೋಗಿ ಬಂದ್ರ ಲೆಕ್ಕ ಮತ್ತ ಒಂದರಿಂದ ಶುರು ಆಗ್ತೈತಂತಲ್ಲ?

ಸುಮಾ ಅಕ್ಕ: ಇಲ್ರಿ. ಯಾವ ದಿವಸ ನಿಂತು ನೋಡಿದ್ರೂ ಹಿಂದಿನ 180 ದಿವಸದಾಗ 90 ದಾಟಬಾರದು. ಹೊರಗ ಹೋದ್ರ ಎಣಿಕೆ ನಿಲ್ತೈತಿ, ಅಳಸಿ ಹೋಗಂಗಿಲ್ಲ. ಒಳಗ ಬಂದ ದಿವಸ, ಹೊರಗ ಬಿದ್ದ ದಿವಸ ಎರಡೂ ಎಣಿಸ್ತಾರ. 2025ರ ಅಕ್ಟೋಬರ್ 12ರಿಂದ ಗಡಿಯಾಗ ಬೆರಳಚ್ಚು, ಮಾರಿ ಫೋಟೊ ತಗೊಂಡು ಕಂಪ್ಯೂಟರಿನ್ಯಾಗ ಏರಿಸೂದು ಶುರು ಆಗೇತಿ. ಅದಾ ದಿವಸ ಲೆಕ್ಕ ಹಾಕ್ತೈತಿ. ಜಾಸ್ತಿ ನಿಂತ್ರ ದಂಡ, ಮುಂದ ಬರದಂಗ ನಿರ್ಬಂಧನೂ ಬೀಳಬಹುದು.

ಮಂಜು: ಅದಕ್ಕಿಂತ ದೊಡ್ಡ ತಪ್ಪು ಜಾರ್ಜಿಯಾದಾಗ ಐತಿ. ನಮ್ಮ ಪಾಸ್‌ಪೋರ್ಟಿಗೆ ಅಲ್ಲಿ ವೀಸಾ ಬೇಕು. ಶೆಂಗೆನ್, ಬ್ರಿಟನ್, ಅಮೆರಿಕದಂಥಾ ಕೆಲವು ಕಡೆದ ವೀಸಾ ಇದ್ರ ಹಂಗಾ ಬಿಡ್ತಾರ, ಖರೇ. ಆದ್ರ ಒಳಗ ಹೋಗೂ ದಿವಸ ಆ ವೀಸಾ ಜೀವಂತ ಇರಬೇಕು. ಕಾಕಾ, ಪಾಸ್‌ಪೋರ್ಟಿನ್ಯಾಗ ಅಂಟಸೂ ಶೆಂಗೆನ್ ವೀಸಾ ಸ್ಟಿಕರ್ ಮ್ಯಾಲ ಮೂರು ಸಂಗತಿ ಇರ್ತಾವ. ಯಾವ ತಾರೀಖಿನಿಂದ ಯಾವ ತಾರೀಖಿನ ತನಕ, ಎಷ್ಟು ಸಲ ಒಳಗ ಹೋಗಬಹುದು, ಒಟ್ಟು ಎಷ್ಟು ದಿವಸ. ಮೊದಲನೇ ಸಲ ಹಾಕಿದವರಿಗೆ ಟಿಕೆಟ್ ತಾರೀಖು ನೋಡಿ, ಸ್ವಲ್ಪ ಆಚೀಚೆ ಬಿಟ್ಟು ಕೊಡೂದಾ ಜಾಸ್ತಿ. ಹಂತಾ ವೀಸಾ ಮುಗದ ಮ್ಯಾಲ ಜಾರ್ಜಿಯಾಕ್ಕ ಹೋದ್ರ ವಿಮಾನ ಹತ್ತೂಕಿಂತ ಮೊದಲಾ ತಡೀತಾರ.

ಹಾವೇರಿ ಮಾಮಾ: ಹಂಗಂದ್ರ ಜಾರ್ಜಿಯಾ ಬಿಟ್ಟಾ ಬಿಡ್ರಿ. ಆದ್ರ 120 ದಿವಸದಾಗ 90 ಬಿಟ್ರ ಉಳದ 30 ಎಲ್ಲಿ ಇರೂದು?

ಮಂಜು: ಬ್ರಿಟನ್. ಆ ವೀಸಾ ಬ್ಯಾರೆ, ದಿವಸದ ಲೆಕ್ಕನೂ ಬ್ಯಾರೆ. ಸಾಮಾನ್ಯ ಪ್ರವಾಸಿ ವೀಸಾ 6 ತಿಂಗಳದ್ದು. ಅದು ಕೈಯಾಗಿದ್ರ ಸೆಪ್ಟೆಂಬರಿನ್ಯಾಗ ಜಾರ್ಜಿಯಾ ಬಾಗಿಲಾನೂ ತಗೀತೈತಿ.

ಗದಗ ಕಾಕಾ: ಹಂಗಿದ್ರ ಲಂಡನ್ ಕಡೀಕ ಇಡೂಣು. ಯುರೋಪ್ ಮುಗಿಸಿ ಅಲ್ಲಿಂದಾ ಮನಿಗೆ.

ಸುಮಾ ಅಕ್ಕ: ಕಡೀಕ ಇಟ್ರ ಆಗಂಗಿಲ್ಲ ಕಾಕಾ. ಬ್ರಿಟನ್ ವೀಸಾಕ್ಕ ಪ್ರಯಾಣದ 3 ತಿಂಗಳ ಹಿಂದಷ್ಟಾ ಅರ್ಜಿ ಹಾಕಬಹುದು. ಸೆಪ್ಟೆಂಬರ್ ಪ್ರಯಾಣಕ್ಕ ಜೂನಿನ್ಯಾಗ ಹಾಕಬೇಕು, ಆಗ ನೀವು ಪ್ಯಾರಿಸ್‌ನ್ಯಾಗ ಇರ್ತೀರಿ. ಮೊದಲಾ ಬ್ರಿಟನ್ ಇಟ್ರ ಎಲ್ಲಾ ಹೊಂದತೈತಿ. ಶೆಂಗೆನ್‌ಕ್ಕ 6 ತಿಂಗಳ ಮೊದಲಿನಿಂದ ಹಾಕಬಹುದು, ಅದನ್ನ ಜನವರಿಯಾಗ ಹಾಕ್ರಿ. ಸಾಮಾನ್ಯವಾಗಿ 15 ದಿವಸ, ಎಳದ್ರ 45. ಪಾಸ್‌ಪೋರ್ಟ್ ಅಷ್ಟೂ ದಿವಸ ಅವರ ಕಡೆ ಇರ್ತೈತಿ, ಅದಕ್ಕ ಎರಡೂ ಒಮ್ಮೆಲೆ ಹಾಕಾಕ ಬರಂಗಿಲ್ಲ. ವಾಪಸ್ ಬಂದ ಮ್ಯಾಲ ಮಾರ್ಚಿನ್ಯಾಗ ಬ್ರಿಟನ್. ಎರಡಕ್ಕೂ ಬೆರಳಚ್ಚಿಗೆ ಬೆಂಗಳೂರಿಗೆ ಹೋಗಬೇಕು, ಅಂದ್ರ ಎರಡು ಸಲ ರೈಲು. ಅದನ್ನ ಈಗಾ ಲೆಕ್ಕದಾಗ ಇಟ್ಗೋರಿ.

ಗದಗ ಕಾಕೂ: ಸುಮಾ, ದೇಶ ಕಡಿಮಿ ಮಾಡವಾ. ದಿನಾ ಬ್ಯಾಗ್ ಕಟ್ಟೂದು ನನಗ ಆಗಂಗಿಲ್ಲ.

ಸುಮಾ ಅಕ್ಕ: ಅದಾ ಖರೇ ಮಾತು ಕಾಕೂ. ಊರು ಬದಲಿಸೂ ದಿವಸ ಅರ್ಧಾ ಹಾಳು. ಮುಂಜಾನೆ 11ಕ್ಕ ರೂಮ್ ಬಿಡು, ಮುಂದಿನ ಊರಾಗ ಮಧ್ಯಾಹ್ನ 3ರ ತನಕ ರೂಮ್ ಕೊಡಂಗಿಲ್ಲ, ನಡುವ ಸಾಮಾನು ಹೊತಗೊಂಡು ಅಡ್ಡಾಡು. ಹಿಂಗ ಮಾಡಿದ್ರ ಹೆಂಗ?
ಬ್ರಿಟನ್ ಜೂನ್ 1–25. ಲಂಡನ್‌ನಿಂದ ಪ್ಯಾರಿಸ್‌ಗೆ ರೈಲು. ಫ್ರೆಂಚ್ ಗಡಿ ತಪಾಸಣಿ ಲಂಡನ್ ಸ್ಟೇಷನ್ನಿನ್ಯಾಗಾ ಆಗ್ತೈತಿ, ರೈಲಿಗಿಂತ ತಾಸೆರಡು ತಾಸು ಮೊದಲಾ ಸ್ಟೇಷನ್ ಮುಟ್ಟಬೇಕು.
ಫ್ರಾನ್ಸ್ ಜೂನ್ 26–ಜುಲೈ 15 (20 ದಿವಸ). ಸ್ವಿಟ್ಜರ್ಲೆಂಡ್ 27ರ ತನಕ (12). ಆಸ್ಟ್ರಿಯಾ ಆಗಸ್ಟ್ 8ರ ತನಕ (12). ಇಟಲಿ ಸೆಪ್ಟೆಂಬರ್ 1ರ ತನಕ (24). ಗ್ರೀಸ್ 13ರ ತನಕ (12). ಒಟ್ಟು 80. ಉಳದ 15 ದಿವಸ ಜಾರ್ಜಿಯಾ, ಅಲ್ಲಿ ಅದು ದ್ರಾಕ್ಷಿ ಸುಗ್ಗಿ.
ಹಿಂಗ ಹೋದ್ರ ಶೆಂಗೆನ್ ಒಳಗ ಒಂದಾ ಸಲ ಹೋಗೂದು, ಒಂದಾ ಸಲ ಹೊರಗ ಬರೂದು. ಒಂದಾ ಪ್ರವೇಶದ ವೀಸಾ ಕೊಟ್ರೂ ನಡೀತೈತಿ.

ಹಾವೇರಿ ಮಾಮಾ: ಆಗಸ್ಟಿನ್ಯಾಗ ಇಟಲಿ? ರೋಮ್ ಕಾದ ಹಂಚು ಇದ್ದಂಗ ಇರ್ತೈತಿ. 15ಕ್ಕ ಅವರ ದೊಡ್ಡ ಹಬ್ಬ, ಊರಾಗ ಅರ್ಧಾ ಅಂಗಡಿ ಬಂದ್.

ಮಂಜು: ಅದಕ್ಕಾ ಆಸ್ಟ್ರಿಯಾ ಆದ ಮ್ಯಾಲ ಇಟಲಿ ಇಟ್ಟಾರ್ರಿ ಮಾಮಾ. ಇನ್ಸ್‌ಬ್ರುಕ್‌ನಿಂದ ಬ್ರೆನ್ನರ್ ಕಣಿವಿ ದಾಟಿ ಬೊಲ್ಜಾನೊ. ಮೊದಲಿನ ಹತ್ತು ದಿವಸ ಗುಡ್ಡದ ಮ್ಯಾಲ ಡೊಲೊಮೈಟ್ಸ್, ಆಮ್ಯಾಲ ವೆನಿಸ್, ಫ್ಲಾರೆನ್ಸ್, ರೋಮ್ ಕಡೀಕ. ಗ್ರೀಸ್ ಸೆಪ್ಟೆಂಬರಿಗೆ ದೂಡಿದ್ದೂ ಅದಾ ಕಾರಣಕ್ಕ. ಬಿಸಲು ಜೋರ ಆದಾಗ ಅಥೆನ್ಸ್‌ನ್ಯಾಗ ಅಕ್ರೊಪೊಲಿಸ್ ಅನ್ನೂ ಹಳೇ ಗುಡಿಗಳ ಗುಡ್ಡ ಮಧ್ಯಾಹ್ನ ಮುಚ್ಚಿದ್ದು ಐತಿ.

ಗದಗ ಕಾಕಾ: ಎಲ್ಲಾ ಒಪ್ಪಿದೆ. ಕ್ರೊಯೇಷಿಯಾ ಮಾತ್ರ ಬಿಡಂಗಿಲ್ಲ. 90ರಾಗ 80 ಆಗೇತಿ, ಇನ್ನ 10 ಉಳದಾವಲ್ಲ? ಐದು ದಿವಸ ದುಬ್ರೊವ್ನಿಕ್‌ಗೆ ಕೊಡ್ರಿ.

ಸುಮಾ ಅಕ್ಕ: ಆ 10 ಖರ್ಚು ಮಾಡೂವಲ್ಲ ಕಾಕಾ. ಮುಷ್ಕರ, ವಿಮಾನ ರದ್ದು, ಜ್ವರ, ಏನರ ಆದ್ರ ಅವಾ ಕೈ ಹಿಡಿಯೂವು. ಆದ್ರ ಅರ್ಜಿಯಾಗ 80ರ ಬದಲಿ 90 ದಿವಸ ಬೇಕಂತ ಬರೀರಿ. ಸ್ಟಿಕರಿನ್ಯಾಗ 80 ಅಂತ ಬಂದ್ರ ನಿಮಗ 80 ಅಷ್ಟಾ.

ಗದಗ ಕಾಕಾ: ಹಂಗಾರ ಇಟಲಿಯಾಗಿಂದ ಐದು ತಗೀರಿ. 24 ಭಾಳ ಆತು.

ಮಂಜು: ಕಾಕಾ, ತಡೀರಿ. ಯಾವ ದೇಶದಾಗ ಜಾಸ್ತಿ ದಿವಸ ಇರ್ತೀರೋ ಅದಕ್ಕಾ ಅರ್ಜಿ ಹಾಕಬೇಕು. ಈಗ ಇಟಲಿ 24, ಅದಕ್ಕ ಇಟಲಿಗೆ. ಐದು ತಗದ್ರ ಇಟಲಿ 19, ಫ್ರಾನ್ಸ್ 20. ಅರ್ಜಿ ಫ್ರಾನ್ಸಿಗೆ ಹೋಗಬೇಕಾಗ್ತೈತಿ. ಏಜೆಂಟರು ‘ಎಲ್ಲಿ ದೌಡ ಅಪಾಯಿಂಟ್‌ಮೆಂಟ್ ಸಿಗ್ತೈತಿ ಅಲ್ಲಿ ಹಾಕೂಣು’ ಅಂತ ಬರದದ್ದು ಅದಕ್ಕಾ ಅಪಾಯ. ಹೋಟೆಲ್ ಬುಕಿಂಗ್ ಒಂದು ಹೇಳಿ ಅರ್ಜಿ ಇನ್ನೊಂದು ಹೇಳಿದ್ರ ವಾಪಸ್ ಕಳಸ್ತಾರ.

ಗದಗ ಕಾಕೂ: ಗ್ರೀಸಿನ್ಯಾಗಿಂದ ತಗೀರಿ. ಅಲ್ಲಿ ಏಳು ದಿವಸ ಸಾಕು.

ಸುಮಾ ಅಕ್ಕ: ಆತು. ಕ್ರೊಯೇಷಿಯಾ 5, ಗ್ರೀಸ್ 7, ಇಟಲಿ 24 ಹಂಗಾ. ಇಟಲಿಯ ಬಾರಿ ಅನ್ನೂ ಬಂದರಿನಿಂದ ದುಬ್ರೊವ್ನಿಕ್‌ಗೆ ಹಡಗದಾಗ ಹೋಗ್ರಿ. ಅಲ್ಲಿಂದ ಅಥೆನ್ಸ್‌ಗೆ ವಿಮಾನಾನಾ ಹಿಡೀರಿ, ಸಸ್ತಾ ಅಂತ ಬಸ್ ಹತ್ತಬ್ಯಾಡ್ರಿ. ಬಸ್ ಮಾಂಟೆನೆಗ್ರೊ, ಅಲ್ಬೇನಿಯಾ ದಾಟಿ ಹೋಗ್ತೈತಿ, ಅವೆರಡೂ ಶೆಂಗೆನ್ ಹೊರಗ. ಒಂದಾ ಪ್ರವೇಶದ ವೀಸಾ ಅಲ್ಲೇ ಖಲಾಸ್, ಗ್ರೀಸ್ ಗಡಿಯಾಗ ನಿಲ್ಲಸ್ತಾರ.
ಪ್ರಯಾಣ ವಿಮಾ 30,000 ಯುರೋಕ್ಕ ಕಡಿಮಿ ಇರಬಾರದು, ಶೆಂಗೆನ್‌ದ ಎಲ್ಲಾ ದೇಶಕ್ಕೂ ಅನ್ವಯ ಆಗಬೇಕು. 120 ದಿವಸಕ್ಕೂ ಒಂದಾ ಪಾಲಿಸಿ ಮಾಡಸ್ರಿ, ಬ್ರಿಟನ್, ಜಾರ್ಜಿಯಾ ಹೆಸರೂ ಹಾಕಸ್ರಿ.
ಕಾಕೂ, ನಿಮ್ಮಿಬ್ಬರ ಪಾಸ್‌ಪೋರ್ಟಿನ ಫೋಟೊ ನನಗ ಬ್ಯಾರೆ ಕಳಸ್ರಿ, ಗುಂಪಿನ್ಯಾಗ ಹಾಕಬ್ಯಾಡ್ರಿ. ಕೊಟ್ಟ ತಾರೀಖು 10 ವರ್ಷದ ಒಳಗ ಇರಬೇಕು, ಸೆಪ್ಟೆಂಬರ್ 13ರ ಮುಂದ 3 ತಿಂಗಳು ಚಾಲ್ತಿ ಇರಬೇಕು, ಎರಡು ಪುಟ ಖಾಲಿ ಬೇಕು. ಕಡಿಮಿ ಬಿದ್ರ ಹುಬ್ಬಳ್ಳಿ ಪಾಸ್‌ಪೋರ್ಟ್ ಕೇಂದ್ರದಾಗ ಮೊದಲು ಅದನ್ನ ಮುಗಸೂಣು, ಜನವರಿ ಅರ್ಜಿ ಆಮ್ಯಾಲ.

ಗದಗ ಕಾಕಾ: ಏಜೆಂಟರಿಗೆ ಸೋಮವಾರ ಬ್ಯಾಡ ಅಂತ ಹೇಳ್ತೀನಿ. ಫೋಟೊ ರಾತ್ರಿ ಕಳಸ್ತೀನಿ.