ಹಳೇ ಬೇಸ್‌ಬಾಲ್ ಕಾರ್ಡ್: ಮೂಲೆ ಸವೆದಿರೋದು ತಗೊಳ್ಳಲಾ, ಚಿತ್ರ ಪಕ್ಕಕ್ಕೆ ಸರಿದಿರೋದು ತಗೊಳ್ಳಲಾ?

ರಟ್ಟುಪ್ರೇಮಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಆಟಗಾರರ ಚಿತ್ರದ ಕಾರ್ಡ್ ಛಾಪಿಸೋ ಟಾಪ್ಸ್ ಕಂಪನಿಯ 1956ರ ಸೆಟ್‌ನಲ್ಲಿ ಬೇಸ್‌ಬಾಲ್ ಆಟಗಾರ ಜಾಕಿ ರಾಬಿನ್‌ಸನ್ ಕಾರ್ಡ್, ನಂಬರ್ 30, ಅದಕ್ಕೋಸ್ಕರ ತುಂಬಾ ದಿನದಿಂದ ದುಡ್ಡು ಕೂಡಿಡುತ್ತಿದ್ದೇನೆ. ಈಗ ಒಂದೇ ವಾರದಲ್ಲಿ ಎರಡು ಕಣ್ಣಿಗೆ ಬಿದ್ದಿವೆ. ಬೆಲೆ ಹೆಚ್ಚುಕಡಿಮೆ ಒಂದೇ.

ಮೊದಲನೆಯದರ ನಾಲ್ಕೂ ಮೂಲೆ ಚೂಪಾಗಿವೆ, ಬಣ್ಣವೂ ಚೆನ್ನಾಗಿದೆ. ಆದರೆ ಚಿತ್ರ ಪೂರ್ತಿ ಎಡಕ್ಕೆ ಸರಿದಿದೆ, ಆ ಕಡೆ ಬಿಳಿ ಬಾರ್ಡರ್ ಒಂದು ದಾರದಷ್ಟು ಉಳಿದಿದೆ ಅಷ್ಟೇ. ಎರಡನೆಯದು ಸರಿಯಾಗಿ ಮಧ್ಯದಲ್ಲಿ ಕೂತಿದೆ. ಆದರೆ ಮೂಲೆಗಳೆಲ್ಲ ಸವೆದು ಗುಂಡಗಾಗಿವೆ, ಕೆಳಗೆ ಬಲಗಡೆ ಚಿಕ್ಕ ಮಡಿಕೆ, ಹಿಂದುಗಡೆ ಪೆನ್ಸಿಲ್‌ನಲ್ಲಿ ಯಾರೋ ಹಾಕಿದ ಒಂದು ಟಿಕ್ ಗುರುತು. ಎರಡೂ ಗ್ರೇಡ್ ಆಗಿಲ್ಲ, ಅಂದರೆ ಕಾರ್ಡಿನ ಸ್ಥಿತಿ ನೋಡಿ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡೋ ಸಂಸ್ಥೆಗೆ ಹೋಗಿಲ್ಲ. ಮಾರೋದಕ್ಕಲ್ಲ, ನನ್ನ ಹತ್ತಿರ ಇಟ್ಟುಕೊಳ್ಳೋದಕ್ಕೆ. ಆದರೂ ಕುಂದು ಇರೋ ಕಾರ್ಡಿಗೆ ಇಷ್ಟು ದುಡ್ಡು ಕೊಡೋದು ಸರಿನಾ ಅಂತ ಮನಸ್ಸು ಹಿಂದೆಮುಂದೆ ನೋಡುತ್ತಿದೆ. ನೀವಾಗಿದ್ದರೆ ಯಾವುದು ತಗೊಳ್ತಿದ್ರಿ?

ಗಮ್‌ಕಲೆ:

ಕಣ್ಣುಮುಚ್ಚಿಕೊಂಡು ಎರಡನೆಯದು.

ಕಾರ್ಡನ್ನ ಒಂದು ತೋಳಿನಷ್ಟು ದೂರ ಹಿಡಿದು ನೋಡಿ. ಆಗ ಮೊದಲು ಕಾಣೋದು ಮೂಲೆಯಲ್ಲ, ಮುಖ. ಆಮೇಲೆ ಬಣ್ಣ, ಆಮೇಲೆ ಚಿತ್ರ ನೆಟ್ಟಗೆ ಕೂತಿದೆಯಾ ಅನ್ನೋದು. ಮೂಲೆ ಸವೆದಿರೋದು ಗೊತ್ತಾಗೋದು ಹತ್ತಿರ ತಂದಾಗಲೇ. 1956ರ ಕಾರ್ಡ್ ಅಡ್ಡಡ್ಡ ಇರುತ್ತೆ, ಒಂದು ಕಡೆ ದೊಡ್ಡ ಮುಖ, ಹಿಂದೆ ಆಟದ ದೃಶ್ಯ. ಅಂಥದ್ದರಲ್ಲಿ ಒಂದು ಬಾರ್ಡರ್ ಮಾಯವಾದರೆ ಇಡೀ ಚಿತ್ರವೇ ವಾಲಿದ ಹಾಗೆ ಕಾಣುತ್ತೆ. ಮಡಿಕೆ ಮುಖದ ಮೇಲೆ ಹಾದುಹೋಗಿದ್ದರೆ ನಾನೂ ಬೇಡ ಅಂತಿದ್ದೆ. ಮೂಲೆಯಲ್ಲಿದ್ದರೆ ಚಿಂತೆಯಿಲ್ಲ.

ಇನ್ನೊಂದು ವಿಷಯ. ಆ ಕಾಲದಲ್ಲಿ ಇವು ಮಕ್ಕಳ ಆಟದ ಸಾಮಾನು. ಸೈಕಲ್ ಚಕ್ರದ ಕಡ್ಡಿಗೆ ಕ್ಲಿಪ್ ಹಾಕಿ ಸಿಗಿಸಿಕೊಂಡು ಟರ್ರ್ ಅಂತ ಸದ್ದು ಮಾಡಿಸುತ್ತಿದ್ದರು, ಗೋಡೆಗೆ ಎಸೆದು ಪಂದ್ಯ ಕಟ್ಟುತ್ತಿದ್ದರು, ನಂಬರ್ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. 1952ರ ಟಾಪ್ಸ್‌ನಲ್ಲಿ ನಂಬರ್ 1 ಆ್ಯಂಡಿ ಪಾಫ್ಕೋ. ಅವನೇನು ಆಗಿನ ತಾರೆ ಮಿಕಿ ಮ್ಯಾಂಟಲ್ ಥರದ ದೊಡ್ಡ ಹೆಸರಲ್ಲ, ಆದರೆ ಕಟ್ಟಿನ ಮೇಲ್ಗಡೆ ಇರುತ್ತಿದ್ದದ್ದು ಅವನ ಕಾರ್ಡ್, ರಬ್ಬರ್ ಬ್ಯಾಂಡ್ ಕಚ್ಚಿದ್ದು ಅವನನ್ನೇ. ಹಾಗಾಗಿ ಅದು ಚೊಕ್ಕವಾಗಿ ಸಿಗೋದು ಬಹಳ ಕಷ್ಟ, ಸಿಕ್ಕರೆ ಬೆಲೆ ಎಲ್ಲೋ ಹೋಗುತ್ತೆ. ಅದೇ ಸೆಟ್‌ನ ನಂಬರ್ 311, ಮಿಕಿ ಮ್ಯಾಂಟಲ್, 9.5 ಗ್ರೇಡ್‌ನದು 2022ರಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ಆ ದುಡ್ಡು ಮ್ಯಾಂಟಲ್ ಹೆಸರಿಗೆ ಮಾತ್ರ ಅಲ್ಲ, ಎಪ್ಪತ್ತು ವರ್ಷ ಆ ಕಾರ್ಡ್ ಯಾರ ಕೈಗೂ ಸಿಕ್ಕಿ ನಲುಗಲಿಲ್ಲ ಅನ್ನೋದಕ್ಕೂ ಸೇರಿಸಿ. ನಿಮ್ಮದು ಆ ಲೆಕ್ಕ ಅಲ್ಲ ಅಲ್ವಾ, ನಿಮಗೆ ಬೇಕಿರೋದು ರಾಬಿನ್‌ಸನ್.

ಅಳತೆಕೋಲು:

ಮೊದಲನೆಯದರ ಬಗ್ಗೆ ನನಗೆ ಬೇರೆ ಅನುಮಾನ. 1956ರ ಕಾರ್ಡಿಗೆ ನಾಲ್ಕೂ ಮೂಲೆ ಚೂಪು, ಒಂದು ಬದಿಯ ಬಾರ್ಡರ್ ಮಾತ್ರ ದಾರದಷ್ಟು. ಇದು ಕಾರ್ಖಾನೆಯಲ್ಲೇ ಹಾಗೆ ಕತ್ತರಿಸಿದ್ದಾ, ಸವೆದ ಅಂಚು ತೆಗೆದು ಮೂಲೆ ಚೂಪು ಮಾಡೋಕೆ ಆಮೇಲೆ ಯಾರಾದರೂ ಬ್ಲೇಡ್ ಹಾಕಿದ್ದಾ? ಅಳೆದು ನೋಡಿದ್ದೀರಾ? ಆ ವರ್ಷದ ಕಾರ್ಡ್ 3.75 ಇಂಚು ಉದ್ದ, 2.625 ಇಂಚು ಅಗಲ ಇರಬೇಕು. 1957ರಿಂದ ಟಾಪ್ಸ್ ಇದನ್ನ 3.5ಕ್ಕೆ 2.5 ಮಾಡಿತು, ಆ ಅಳತೆ ಜೊತೆ ಗೊಂದಲ ಮಾಡ್ಕೋಬೇಡಿ.

ನಾನು ಇದೇ ಥರ ಪೆಟ್ಟು ತಿಂದಿದ್ದೇನೆ. 1954ರ ಹ್ಯಾಂಕ್ ಆ್ಯರನ್ ಕಾರ್ಡ್ ತಗೊಂಡಿದ್ದೆ, ಮೂಲೆ ನೋಡಿ ಮರುಳಾಗಿ. ಮನೆಗೆ ಬಂದ ಮೇಲೆ ಅದೇ ಸೆಟ್‌ನ ಒಂದು ಸಾಧಾರಣ ಆಟಗಾರನ ಕಾರ್ಡ್ ಮೇಲೆ ಅದನ್ನಿಟ್ಟು, ಎರಡನ್ನೂ ಮೇಜಿಗೆ ಮೆಲ್ಲಗೆ ತಟ್ಟಿ ಸಮ ಮಾಡಿದೆ. ಮೇಲ್ಗಡೆ ಕೆಳಗಿನ ಕಾರ್ಡಿನ ಅಂಚು ಕೂದಲೆಳೆಯಷ್ಟು ಇಣುಕುತ್ತಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಉಳಿದ ಮೂರು ಅಂಚು ಕಂದುಬಣ್ಣಕ್ಕೆ ತಿರುಗಿವೆ, ಆ ಒಂದು ಅಂಚು ಮಾತ್ರ ಹೊಸ ರಟ್ಟಿನ ಹಾಗೆ ಬೆಳ್ಳಗಿದೆ. ಆವತ್ತಿನಿಂದ ಆ ಕಾರ್ಡನ್ನ ಹೊರಗೆ ತೆಗೆಯೋದಕ್ಕೇ ಮನಸ್ಸು ಬರಲ್ಲ. ಮಾರಿದವರು ವಾಪಸ್ ತಗೊಳ್ಳಲಿಲ್ಲ.

ದೊಡ್ಡವರಿಗೂ ಹೀಗಾಗಿದೆ. ಟಿ206 ಅನ್ನೋ ಹಳೇ ಸೆಟ್‌ನ ಹೋನಸ್ ವ್ಯಾಗ್ನರ್ ಕಾರ್ಡ್, ಐಸ್ ಹಾಕಿ ಆಟಗಾರ ವೇನ್ ಗ್ರೆಟ್ಸ್ಕಿ ಹತ್ತಿರ ಇತ್ತಲ್ಲ, ಗ್ರೇಡ್ ಕೊಡೋ ಸಂಸ್ಥೆ ಪಿಎಸ್‌ಎ ಮೊಟ್ಟಮೊದಲು ಗ್ರೇಡ್ ಮಾಡಿದ ಕಾರ್ಡೇ ಅದು, 8 ಕೊಟ್ಟಿದ್ದರು. 2007ರಲ್ಲಿ 28 ಲಕ್ಷ ಡಾಲರಿಗೆ ಹೋಗಿತ್ತು. 2013ರಲ್ಲಿ ಹರಾಜುಗಾರ ಬಿಲ್ ಮಾಸ್ಟ್ರೋ ಅದರ ಅಂಚು ತಾನೇ ಕತ್ತರಿಸಿದ್ದು ನಿಜ ಅಂತ ಕೋರ್ಟಿನಲ್ಲಿ ಒಪ್ಪಿಕೊಂಡ. ಅದೇ ವ್ಯಾಗ್ನರ್, ಬರೀ 2 ಗ್ರೇಡ್ ಸಿಕ್ಕಿದ ಇನ್ನೊಂದು ಪ್ರತಿ, 2022ರಲ್ಲಿ 72.5 ಲಕ್ಷ ಡಾಲರಿಗೆ ಹೋಯಿತು. ಅಲ್ಲಿ ಯಾರೂ ಮೂಲೆ ನೋಡಲಿಲ್ಲ.

ಸವೆದಿದ್ದನ್ನ ನಾನು ಕ್ಷಮಿಸ್ತೀನಿ. ಕತ್ತರಿಸಿದ್ದನ್ನ ಕ್ಷಮಿಸಲ್ಲ.

ಕಪ್ಪುಬಾರ್ಡರ್:

ನಾನು ಸ್ವಲ್ಪ ಬೇರೆ ಹೇಳ್ತೀನಿ. ಅಳತೆ ಸರಿ ಇದ್ದರೆ ಮೊದಲನೆಯದೂ ಕೆಟ್ಟದ್ದಲ್ಲ. ದೊಡ್ಡ ಹಾಳೆಯಲ್ಲಿ ಛಾಪಿಸಿ ಕತ್ತರಿಸುವಾಗ ಹಾಳೆ ಸ್ವಲ್ಪ ಜರುಗಿದರೂ ಹೀಗಾಗುತ್ತೆ, ಅದು ಕಾರ್ಡಿನ ಹುಟ್ಟು ಮಚ್ಚೆ ಇದ್ದ ಹಾಗೆ. ಪಿಎಸ್‌ಎಯಲ್ಲಿ ಗ್ರೇಡ್ ಪಕ್ಕ 'ಓಸಿ' ಅಂತ ಹಾಕ್ತಾರೆ, ಆಫ್ ಸೆಂಟರ್, ಅಂದರೆ ಚಿತ್ರ ಮಧ್ಯದಲ್ಲಿಲ್ಲ ಅಂತ. ನಿಮ್ಮ ಎರಡನೆಯದಕ್ಕೂ ಪೆನ್ಸಿಲ್ ಗುರುತಿಗೆ 'ಎಂಕೆ', ಅಂದರೆ ಮೇಲೆ ಬರೆದ ಗುರುತಿದೆ ಅನ್ನೋ ಟಿಪ್ಪಣಿ, ಬೀಳಬಹುದು, ಅದೂ ಗೊತ್ತಿರಲಿ.

ನಾನು 1971ರ ಟಾಪ್ಸ್ ಕೂಡಿಸೋನು. ಸುತ್ತ ಕಪ್ಪು ಬಾರ್ಡರ್, ಚೂರು ಉದುರಿದರೂ ಬಿಳಿ ಚುಕ್ಕೆ ಎದ್ದು ಕಾಣುತ್ತೆ. ಅದಕ್ಕೇ ಕೆಲವರು ಮಾರ್ಕರ್‌ನಲ್ಲಿ ಕಪ್ಪು ತುಂಬಿಬಿಡ್ತಾರೆ. ಅಂಚನ್ನ ಓರೆಯಾಗಿ ಬೆಳಕಿಗೆ ಹಿಡಿದರೆ ರಟ್ಟಿನ ಪಕ್ಕಕ್ಕೂ ಶಾಯಿ ಇಳಿದಿರೋದು ಕಾಣುತ್ತೆ. ಬಿಳಿ ಚುಕ್ಕೆ ಇರೋ ಕಾರ್ಡ್ ನನಗೆ ಎಷ್ಟೋ ಮೇಲು. ಅಂದಹಾಗೆ ಆ ಪೆನ್ಸಿಲ್ ಟಿಕ್ ಅಳಿಸೋಕೆ ಹೋಗಬೇಡಿ, ದಯವಿಟ್ಟು. ರಬ್ಬರ್ ಉಜ್ಜಿದ ಕಡೆ ರಟ್ಟು ನವಿರೆದ್ದು ಇನ್ನೂ ಅಸಹ್ಯ ಆಗುತ್ತೆ.

ರಟ್ಟುಪ್ರೇಮಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲನೆಯದರ ಅಳತೆ ಕೇಳಿದೆ, ಸ್ಕೇಲ್ ಪಕ್ಕ ಇಟ್ಟು ಫೋಟೋ ಕಳಿಸಿ ಅಂದೆ, ಎರಡು ದಿನ ಆಯಿತು, ಉತ್ತರ ಇಲ್ಲ. ಎರಡನೆಯದನ್ನ ನಿನ್ನೆ ತಗೊಂಡೆ. ಟಿಕ್ ಗುರುತು ಇರೋದು ಸರಿಯಾಗಿ ಕಾರ್ಡ್ ನಂಬರ್ ಪಕ್ಕದಲ್ಲಿ, ಪಟ್ಟಿಯಲ್ಲಿ 'ಇದು ಸಿಕ್ಕಿತು' ಅಂತ ಹಾಕಿಕೊಳ್ತೀವಲ್ಲ, ಹಾಗೆ. ರಾಬಿನ್‌ಸನ್ ಆಡಿದ ಕೊನೇ ವರ್ಷ 1956. ಆ ವರ್ಷವೇ ಯಾವುದೋ ಮಗು ಪ್ಯಾಕೆಟ್ ಬಿಚ್ಚಿ ಅದನ್ನ ಬರೆದಿರಬಹುದು ಅನ್ನಿಸಿ ಸುಮ್ನೆ ತುಂಬಾ ಹೊತ್ತು ನೋಡ್ತಾ ಕೂತಿದ್ದೆ. ಅಳಿಸಲ್ಲ.