ಆಲ್ಡ್‌ಬರ ಸಂಗೀತೋತ್ಸವ: ಮೀನುಗಾರರ ಊರಲ್ಲಿ ಇದು ಬೇರು ಬಿಟ್ಟದ್ದು ಹೇಗೆ?

ತಂಬೂರಿ_ತಂತಿ:
ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಸಫೋಕ್ ಸೀಮೆಯ ಆಲ್ಡ್‌ಬರ ಎಂಬ ಪುಟ್ಟ ಊರಿದೆ. ಎರಡೂವರೆ ಸಾವಿರದ ಆಸುಪಾಸು ಜನ. 1948ರಲ್ಲಿ ಅಲ್ಲಿ ಶುರುವಾದ ಜೂನ್ ತಿಂಗಳ ಶಾಸ್ತ್ರೀಯ ಸಂಗೀತೋತ್ಸವ ಇವತ್ತಿಗೂ ನಡೆಯುತ್ತಿದೆ. ಸಂಗೀತ ರಚನಕಾರ ಬೆಂಜಮಿನ್ ಬ್ರಿಟನ್ ಹೆಸರು ಎಲ್ಲರೂ ಹೇಳ್ತಾರೆ. ಅವರನ್ನು ಬಿಟ್ಟರೆ ದುಡಿದವರು ಯಾರು? ದೊಡ್ಡ ಸಭಾಂಗಣವೇ ಇಲ್ಲದ ಊರಲ್ಲಿ ಆಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಹೇಗೆ ಮಾಡಿದರು? 1969ರಲ್ಲಿ ಬೆಂಕಿ ಬಿತ್ತಂತೆ, ಆ ವರ್ಷದ ಉತ್ಸವ ಏನಾಯಿತು? ನಮ್ಮ ಸಭಾದ ಪತ್ರಿಕೆಗೆ ಬರೆಯಬೇಕು. ತಿಳಿದವರು ವಿವರವಾಗಿ ಹೇಳಿದರೆ ಉಪಕಾರ.

ಮಂದ್ರ_ಪಂಚಮ:
ಶುರುವಾದದ್ದು ದುಡ್ಡಿನ ಇಕ್ಕಟ್ಟಿನಿಂದ. ಬ್ರಿಟನ್ ಮತ್ತು ಸಂಗಡಿಗರು 1947ರಲ್ಲಿ ಇಂಗ್ಲಿಷ್ ಆಪೆರಾ ಗ್ರೂಪ್ ಕಟ್ಟಿ ಅದೇ ಬೇಸಿಗೆಯಲ್ಲಿ ಹಾಲೆಂಡ್, ಸ್ವಿಟ್ಜರ್‌ಲೆಂಡ್ ಕಡೆ ಪ್ರವಾಸ ಹೊರಟರು. ರಂಗಸಜ್ಜಿಕೆ, ವಾದ್ಯ, ಗಾಯಕರು ಎಲ್ಲವನ್ನೂ ಕಟ್ಟಿಕೊಂಡು ಊರೂರು ತಿರುಗುವ ಖರ್ಚನ್ನು ಟಿಕೆಟ್ ಹಣದಿಂದ ತೂಗಿಸೋದು ಆಗದ ಮಾತು. ಆ ದಾರಿಯಲ್ಲೇ ಗಾಯಕ ಪೀಟರ್ ಪಿಯರ್ಸ್, ಸ್ನೇಹಿತರನ್ನು ಕರೆದು ನಮ್ಮೂರಲ್ಲೇ ಒಂದು ಸಣ್ಣ ಉತ್ಸವ ಮಾಡಬಾರದೇಕೆ ಅಂದರು. ಬ್ರಿಟನ್ ಅದೇ ವರ್ಷ ಆಲ್ಡ್‌ಬರದ ಕಡಲಂಚಿನ ಮನೆಗೆ ಬಂದು ನೆಲೆಸಿದ್ದರು. ಮೂರನೆಯವರು ಎರಿಕ್ ಕ್ರೋಜಿಯರ್, ನಿರ್ದೇಶಕ ಮತ್ತು ಆಪೆರಾ ಸಾಹಿತ್ಯ ಬರೆದವರು. ಊರ ಕಡೆಯಿಂದ ಸಮಿತಿಯ ಅಧ್ಯಕ್ಷತೆ ಹೊತ್ತವರು ಕ್ರ್ಯಾನ್‌ಬ್ರೂಕ್‌ನ ಕೌಂಟೆಸ್. ಆ ಮಹಿಳೆಯ ಹೆಸರನ್ನು ನಿಮ್ಮ ಲೇಖನದಲ್ಲಿ ದಯವಿಟ್ಟು ಬಿಡಬೇಡಿ. ಕೃತಿ ಬರೆದವರನ್ನು ಲೋಕ ನೆನೆಯುತ್ತೆ, ಸಮಿತಿ ನಡೆಸಿದವರನ್ನು ನೆನೆಯೋರು ಕಡಿಮೆ.

ಸಭಾಂಗಣದ ಪ್ರಶ್ನೆಗೆ ಬರ್ತೀನಿ. ಊರಲ್ಲಿ ಇದ್ದದ್ದು ಜುಬಿಲಿ ಹಾಲ್: ವಿಕ್ಟೋರಿಯಾ ರಾಣಿಯ ಕಾಲದ ಕಟ್ಟಡ, ಹೆಚ್ಚುಕಡಿಮೆ 300 ಕುರ್ಚಿ, ವಾದ್ಯಗಾರರು ಕೂರುವ ಜಾಗ ಬೆಂಕಿಪೊಟ್ಟಣದಷ್ಟು. ಮೊದಲ ವರ್ಷ ಅಲ್ಲಿ ಆಡಿದ ಬ್ರಿಟನ್ನರ ‘ಆಲ್ಬರ್ಟ್ ಹೆರಿಂಗ್’ ಆಪೆರಾಕ್ಕೆ ವಾದ್ಯಗಾರರು 12 ಜನ ಮಾತ್ರ. ಎರಡು ಪಿಟೀಲು, ವಯೋಲಾ, ಚೆಲ್ಲೋ, ಡಬಲ್ ಬಾಸ್, ಕೊಳಲು, ಓಬೋ, ಕ್ಲಾರಿನೆಟ್, ಬಸೂನ್, ಹಾರ್ನ್, ಹಾರ್ಪ್, ತಾಳವಾದ್ಯಕ್ಕೆ ಒಬ್ಬರು. ಪಿಯಾನೋ ನುಡಿಸೋದು ನಿರ್ವಾಹಕರದೇ, ಅಂದರೆ ಮೇಳಕ್ಕೆ ತಾಳ ತೋರಿಸಿ ನಡೆಸುವವರದೇ, ಕೆಲಸ. ದೊಡ್ಡ ಆಪೆರಾ ಮನೆಯಲ್ಲಿ ಅರವತ್ತು-ಎಪ್ಪತ್ತು ಜನ ಕೂತಿರ್ತಾರೆ ಅನ್ನೋದನ್ನು ನೆನೆದರೆ ಈ ಲೆಕ್ಕದ ಬೆಲೆ ತಿಳಿಯುತ್ತೆ. ಇದರ ಕಷ್ಟವೂ ಉಂಟು. ಒಂದೊಂದು ವಾದ್ಯಕ್ಕೆ ಒಬ್ಬೊಬ್ಬರೇ ಇರೋದರಿಂದ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಮುಚ್ಚಿಕೊಳ್ಳೋಕೆ ಪಕ್ಕದಲ್ಲಿ ಇನ್ನೊಬ್ಬರಿಲ್ಲ. ಓಬೋದವರಿಗೆ ಜ್ವರ ಬಂದರೆ ಆ ಬಣ್ಣವೇ ಹೋಯಿತು.

ಉತ್ಸವ ತೆರೆದದ್ದು 1948ರ ಜೂನ್ 5ರಂದು, ಊರ ಚರ್ಚಿನಲ್ಲಿ, ಬ್ರಿಟನ್ನರ ‘ಸೇಂಟ್ ನಿಕೋಲಸ್’ ಕೃತಿಯಿಂದ. ಅದರ ನಡುವೆ ಬರುವ ಎರಡು ಸ್ತುತಿಗೀತೆಗಳನ್ನು ಕೇಳುಗರೂ ಎದ್ದು ಹಾಡಬೇಕು. ಊರವರು ಉತ್ಸವಕ್ಕೆ ಅಂಟಿಕೊಂಡದ್ದಕ್ಕೆ ಇದೇ ಮೊದಲ ಕಾರಣ ಅಂತ ನನ್ನ ಅಭಿಪ್ರಾಯ.

ಗಂಗಾವತರಣ:
ಮ್ಯಾಲಿನವರು ಇಮೋಜೆನ್ ಹೋಲ್ಸ್ಟ್ ಅವರ ಹೆಸರು ಬಿಟ್ಟಾರ್ರೀ. ಸಂಗೀತಗಾರ ಗುಸ್ತಾವ್ ಹೋಲ್ಸ್ಟ್ ಅವರ ಮಗಳು. 1950–51ರ ಚಳಿಗಾಲದಾಗ ಶಾಂತಿನಿಕೇತನಕ್ಕ ಬಂದು ನಮ್ಮ ಸಂಗೀತ ಕಲ್ತು ಹೋದವರು. 1952ರಾಗ ಬ್ರಿಟನ್ನರಿಗೆ ಸಹಾಯಕಿಯಾಗಿ ಆಲ್ಡ್‌ಬರಕ್ಕ ಬಂದರು, 1956ರಿಂದ 1977ರ ತನಕ ಉತ್ಸವದ ಕಲಾ ನಿರ್ದೇಶಕರೊಳಗ ಒಬ್ಬರಾಗಿದ್ದರು. ಹವ್ಯಾಸಿಗಳಿಂದ ಚೊಲೋ ಕೆಲಸ ತಗಿಯೋದು ಅವರಿಗೆ ಒಲಿದ ವಿದ್ಯಾ.

ಅದರ ಗುರುತು ನೋಡಬೇಕಂದ್ರ 1958ರ ಜೂನ್ 18ಕ್ಕ ಹತ್ತಿರದ ಆರ್ಫರ್ಡ್ ಚರ್ಚಿನಾಗ ಮೊದಲ ಸಲ ಆಡಿದ ‘ನೋಯ್ಸ್ ಫ್ಲಡ್’ ನೋಡಬೇಕು. ನೋಹನ ಪ್ರಳಯದ ಕಥಿ, ಬ್ರಿಟನ್ನರು ಮಕ್ಕಳ ಸಲುವಾಗಿ ಬರದದ್ದು. ನೋಹ, ಅವನ ಹೆಂಡತಿ, ದೇವರ ದನಿ, ಇಷ್ಟ ದೊಡ್ಡವರ ಪಾತ್ರ. ವಾದ್ಯಮೇಳದಾಗ ಪಳಗಿದವರು ಕೈಬೆರಳಿನಾಗ ಎಣಿಸೋವಷ್ಟು ಮಂದಿ, ಉಳಿದವರೆಲ್ಲ ಮಕ್ಕಳು. ಪಿಟೀಲಿನ ಪಾಲು ಮೂರು ಮಟ್ಟಕ್ಕ ಬರದಾರ. ಮೂರನೇದು ಬರೇ ತಂತಿ ಮ್ಯಾಲೆ ಕಮಾನು ಎಳಿಯೋ ಹುಡುಗರಿಗೂ ನಿಲುಕತದ. ರಿಕಾರ್ಡರ್ ಅನ್ನೋ ಕೊಳಲು, ಬ್ಯೂಗಲ್ ಅನ್ನೋ ಕಹಳಿ, ಕೈಗಂಟಿ ಬ್ಯಾರೆ.

ಮಳಿಯ ಮೊದಲ ಹನಿಗೆ ಏನು ಮಾಡ್ಯಾರ ಗೊತ್ತೇನ್ರೀ? ಚಹಾ ಕುಡಿಯೋ ಪಿಂಗಾಣಿ ಮಗ್ಗುಗಳನ್ನ ಹಿಡಿಕಿಗೆ ಹಗ್ಗ ಪೋಣಿಸಿ ಸಾಲಾಗಿ ತೂಗ ಹಾಕಿ ಮರದ ಚಮಚದಿಂದ ಬಾರಿಸಬೇಕು. ನಮ್ಮ ಜಲತರಂಗದ ದೂರದ ತಂಗಿ ಅನ್ನಬಹುದು, ಆದ್ರ ಇದಕ್ಕ ನೀರಿಲ್ಲ. ಹಂಗಾಗಿ ನೀರು ಹೆಚ್ಚು ಕಡಿಮಿ ಮಾಡಿ ಸ್ವರ ಕೂಡಿಸಾಕ ಬರೂದಿಲ್ಲ. ಅಂಗಡ್ಯಾಗ ಒಂದೊಂದ ಬಡದು ನೋಡಿ, ಏರಿಕಿಯ ಸಾಲು ಕೂಡೂವಂಗ ಆರಿಸಿ ತರಬೇಕು. ಗಾತ್ರ ಒಂದ ಇದ್ದರೂ ಗ್ವಾಡಿ ದಪ್ಪ ಬದಲಾದ್ರ ಸ್ವರ ಬದಲಾಗತದ. ಕಣ್ಣಿಗೆ ಕಾಣದ ಬಿರುಕಿದ್ರ ‘ಟಣ್’ ಅನ್ನೂದು ಹೋಗಿ ‘ಟಪ್’ ಅಂತದ, ಮಡಕಿ ಬಡದು ನೋಡ್ತೀವಲ್ಲ ಹಂಗ. ಒಂದಕ್ಕೊಂದು ತಾಕೂವಂಗ ಕಟ್ಟಿದ್ರ ನಾದ ಅಲ್ಲೇ ಸಾಯತದ. ನಡುವ ನಾಲ್ಕು ಬೆರಳಿನಷ್ಟು ಜಾಗ ಬಿಡಬೇಕು. ಉಕ್ಕಿನ ಚಮಚ ಬ್ಯಾಡ, ಧ್ವನಿ ಚೀರತದ, ಮಗ್ಗೂ ಒಡೀತದ.

ತಂಬೂರಿ_ತಂತಿ:
ಇಬ್ಬರಿಗೂ ನಮಸ್ಕಾರ. ಮಗ್ಗಿನ ವಿವರ ಹೀಗೇ ಹಾಕ್ತೀನಿ. ಬೆಂಕಿಯ ವಿಷಯ ಯಾರಾದರೂ ಹೇಳಿ. ಇನ್ನೊಂದು: ಬ್ರಿಟನ್ನರ ಯಾವುದೋ ಕೃತಿಗೆ ನಿರ್ವಾಹಕರೇ ಇಲ್ಲ ಅಂತಾರೆ, ನಿಜವೇ?

ನಾದಬಿಂದು:
ನಿಜ. 1964ರ ‘ಕರ್ಲ್ಯೂ ರಿವರ್’, ಅದೂ ಆರ್ಫರ್ಡ್ ಚರ್ಚಿನಲ್ಲೇ. 1956ರಲ್ಲಿ ಬ್ರಿಟನ್ ಟೋಕಿಯೋದಲ್ಲಿ ನೋಡಿದ ‘ಸುಮಿದಗಾವ’ ಎಂಬ ನೋ ನಾಟಕ (ಜಪಾನಿನ ಸಾಂಪ್ರದಾಯಿಕ ರಂಗಕಲೆ) ಅದರ ಮೂಲ. ವಾದ್ಯಗಾರರು ಏಳೇ ಜನ. ಕೋಲು ಹಿಡಿದು ತಾಳ ತೋರಿಸುವವರು ಇಲ್ಲ. ನಮ್ಮ ಕಚೇರಿಯಂತೆ ಒಬ್ಬರನ್ನೊಬ್ಬರು ಕೇಳಿಸಿಕೊಂಡೇ ನಡೆಸಬೇಕು. ಅದಕ್ಕಾಗಿ ಬ್ರಿಟನ್ ಹೊಸದೊಂದು ಗುರುತು ಬರೆದರು: ಅದು ಕಂಡಲ್ಲಿ ನುಡಿಸುವವರು ಇನ್ನೊಬ್ಬರು ಬಂದು ಸೇರುವ ತನಕ ಸ್ವರವನ್ನು ಹಿಡಿದು, ಅಥವಾ ಸುಮ್ಮನಿದ್ದು, ಕಾಯಬೇಕು. ಕಲ್ಲಿನ ಚರ್ಚಿನಲ್ಲಿ ನಾದ ತಡವಾಗಿ ಆರುತ್ತೆ, ಅಲ್ಲಿ ಈ ಸಡಿಲ ನಡೆ ಚೆನ್ನಾಗಿ ಕೂರುತ್ತೆ.

ಈಗ ಬೆಂಕಿ. ಜುಬಿಲಿ ಹಾಲ್ ಸಾಲದಾದಾಗ ಹತ್ತು ಕಿಲೋಮೀಟರಿನೊಳಗಿನ ಸ್ನೇಪ್ ಎಂಬಲ್ಲಿ ಹತ್ತೊಂಬತ್ತನೇ ಶತಮಾನದ ಮಾಲ್ಟ್ ಮನೆ, ಅಂದರೆ ಬಾರ್ಲಿ ಮೊಳೆಯಿಸಿ ಒಣಗಿಸುವ ಇಟ್ಟಿಗೆ ಕಟ್ಟಡ, ಖಾಲಿಯಾಗಿತ್ತು. ಕಟ್ಟಡ ವಿನ್ಯಾಸದ ಅರೂಪ್ ಸಂಸ್ಥೆಯ ಡೆರೆಕ್ ಸಗ್ಡೆನ್ ಅದನ್ನು ಎಂಟುನೂರಕ್ಕೂ ಹೆಚ್ಚು ಆಸನಗಳ ಸಭಾಂಗಣ ಮಾಡಿದರು. 1967ರ ಜೂನ್ 2ರಂದು ಎಲಿಜಬೆತ್ ರಾಣಿ ಉದ್ಘಾಟಿಸಿದರು. ದಪ್ಪ ಇಟ್ಟಿಗೆ ಗೋಡೆಯನ್ನು ಗಾರೆ ಹಚ್ಚದೆ ಬಿಟ್ಟಿದ್ದು, ಎತ್ತರದ ಮರದ ಚಾವಣಿ, ಮೆತ್ತೆಯ ಬದಲು ಬೆತ್ತದ ಕುರ್ಚಿ, ಮೂರೂ ಸೇರಿ ಅಲ್ಲಿನ ನಾದಗುಣ ಬಂದಿದೆ. ಮೆತ್ತೆ, ಪರದೆ, ಕಾರ್ಪೆಟ್ ನಾದವನ್ನು ಹೀರುತ್ತವೆ. ನಿಮ್ಮ ಓದುಗರಿಗೆ ಒಂದು ಎಚ್ಚರಿಕೆ ಕೊಡಿ: ಇಂಥ ಅನುರಣನ ತಂತಿವಾದ್ಯಕ್ಕೂ ದನಿಗೂ ಸೊಗಸು, ಮೈಕ್ ಇಟ್ಟು ಮೃದಂಗದ ತನಿ ನುಡಿಸಿದರೆ ಚುರುಕು ಜತಿಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ.

1969ರ ಜೂನ್ 7, ಉತ್ಸವದ ಮೊದಲ ರಾತ್ರಿಯೇ ಬೆಂಕಿ. ಬೆಳಗಾಗುವಾಗ ಚಾವಣಿ ಇಲ್ಲ, ಗೋಡೆ ಮಾತ್ರ. ಬ್ರಿಟನ್ನರ ಪಿಯಾನೋ ಸುಟ್ಟುಹೋಯಿತು. ಆದರೂ ಉತ್ಸವ ನಿಲ್ಲಲಿಲ್ಲ. ಮೊಜಾರ್ಟರ ‘ಇಡೊಮೆನಿಯೊ’ವನ್ನು ಬ್ಲೈಥ್‌ಬರ್ಗ್ ಚರ್ಚಿಗೆ ಒಯ್ದು ಆಡಿದರು. ಇಪ್ಪತ್ತು ವರ್ಷ ಸುತ್ತಲಿನ ಚರ್ಚುಗಳಲ್ಲಿ ಹಾಡಿ ಅಭ್ಯಾಸ ಇದ್ದವರಿಗೆ ಎಲ್ಲಿ ಎಷ್ಟು ಜನ ಹಿಡಿಸ್ತಾರೆ, ಹಾಡುವವರು ಎಲ್ಲಿ ನಿಂತರೆ ಕೇಳಿಸುತ್ತೆ ಅನ್ನೋದು ಗೊತ್ತಿತ್ತು. ಒಂದೇ ಸಭಾಂಗಣ ನಂಬಿದ ಉತ್ಸವವಾಗಿದ್ದರೆ ಆ ವರ್ಷ ಮುಗಿದೇ ಹೋಗುತ್ತಿತ್ತು. ಮುಂದಿನ ಜೂನ್ ಹೊತ್ತಿಗೆ ಕಟ್ಟಡ ಮತ್ತೆ ಎದ್ದಿತು, ರಾಣಿ ಮತ್ತೆ ಬಂದರು.

ಮಂದ್ರ_ಪಂಚಮ:
ಗಂಗಾವತರಣ ಅವರು ತಿದ್ದಿದ್ದು ಸರಿ, ಇಮೋಜೆನ್ ಅವರನ್ನು ಬಿಡಬಾರದಿತ್ತು. ಬ್ರಿಟನ್ (ನಿಧನ 1976), ಪಿಯರ್ಸ್ (ನಿಧನ 1986) ಇಬ್ಬರ ಸಮಾಧಿಗಳೂ ಊರ ಚರ್ಚಿನ ಅಂಗಳದಲ್ಲಿ ಅಕ್ಕಪಕ್ಕದಲ್ಲಿವೆ, ಅವರ ಹಿಂದೆಯೇ ಇಮೋಜೆನ್ (ನಿಧನ 1984) ಸಮಾಧಿ. ಆಲ್ಡ್‌ಬರಕ್ಕೆ ಇದ್ದ ರೈಲು 1966ರಲ್ಲೇ ನಿಂತಿತು. ಅಲ್ಲಿಗೆ ಹೋಗುವ ಓದುಗರು ಸ್ಯಾಕ್ಸ್‌ಮಂಡಮ್ ನಿಲ್ದಾಣದಲ್ಲಿ ಇಳಿದು ಮುಂದೆ ಬಸ್ಸು ಅಥವಾ ಟ್ಯಾಕ್ಸಿ ಹಿಡಿಯಬೇಕು. ರಾತ್ರಿ ಕಚೇರಿ ಮುಗಿದ ಮೇಲೆ ವಾಪಸಾಗುವ ಗಾಡಿಯನ್ನು ಮೊದಲೇ ಗೊತ್ತು ಮಾಡಿಕೊಂಡಿರಲಿ.